ಅವರೆ ಚಪ್ಪರದೊಳಗೆ ಸರ್ವೆ ಗೂಟ

ಬೆಳಿಗ್ಗೆ ಮೆಂತ್ಯ ಸೊಪ್ಪು ಕಿತ್ತುಕೊಂಡು ಬರೋಣವೆಂದು ಹಿತ್ತಲಿಗೆ ಹೋದರೆ ಅವರೆ ಚಪ್ಪರದೊಳಗೆ ಒಂದು ಮರದ ಗೂಟ ನಿಂತಿತ್ತು. ತಲೆಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಮೈಮೇಲೆ ಕಪ್ಪು ಮಾರ್ಕರಿನಲ್ಲಿ ಬರೆದ ನಾಲ್ಕು ಅಂಕೆ. ಹಿಂದಿನ ದಿನ ನಾವು ಆಫೀಸಿನಲ್ಲಿದ್ದಾಗ ಸರ್ವೆಯವರು ಬಂದು ನೆಟ್ಟು ಹೋಗಿದ್ದರು. ಬಾಂದುಕಲ್ಲಿನ ಜಗಳ ನೋಡಿಕೊಂಡೇ ಬೆಳೆದ ಬಂಗಾರಪೇಟೆಯವಳಿಗೆ ಅದು ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗೂಟದಿಂದ ಈಚೆಗಿನದು ನಮ್ಮದು, ಆಚೆಗಿನದು ಸರ್ಕಾರದ್ದು. ಚಪ್ಪರದ ಮುಕ್ಕಾಲು ಪಾಲು, ಮೆಂತ್ಯದ ಮಡಿ, ಕಸ ಕೊಳೆಸುವ ಗೊಬ್ಬರದ ತೊಟ್ಟಿ ಎಲ್ಲವೂ ಆಚೆಗಿದ್ದವು. ಟೇಪು ತಂದು ಅಳೆದೆ. ಹನ್ನೊಂದು ಅಡಿ ಒತ್ತುವರಿ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಡ್‌ಬರಿ ಎಂಬ ಊರಿನಲ್ಲಿ, ಬಾಸ್ಟನ್ನಿಗೆ ಪಶ್ಚಿಮದಲ್ಲಿ. ಮನೆ ಕೊಳ್ಳುವಾಗ ಹಿತ್ತಲ ಕೊನೆಯ ಪೊದೆಗಳ ಹಿಂದೆ ತುಕ್ಕು ಹಿಡಿದ ಹಳಿ ಇರುವುದನ್ನು ನೋಡಿದ್ದೆವು. ಹಳಿಯ ನಡುವೆ ತೊಡೆಗಾತ್ರದ ಬರ್ಚ್ ಮರಗಳು ಎದ್ದಿದ್ದವು. ರೈಲು ಓಡುವುದಿಲ್ಲ, ಇನ್ನು ಓಡುವುದೂ ಇಲ್ಲ, ಹಾಗಾಗಿ ಹಿಂದೆ ಯಾರೂ ಮನೆ ಕಟ್ಟುವುದಿಲ್ಲ ಎಂದು ಬ್ರೋಕರ್ ಹೇಳಿದ್ದರು. ಆ ಮೂರೂ ಮಾತು ನಿಜವೇ. ಆ ಜಾಗದ ಮೇಲೆ ಬೇರೆಯವರ ಕಣ್ಣು ಬಿದ್ದು ಎಷ್ಟೋ ವರ್ಷವಾಗಿದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಳಿಯ ಕಥೆ ಹೀಗಿದೆ. ಫ್ರೇಮಿಂಗ್‌ಹ್ಯಾಮ್‌ನಿಂದ ಲೋವೆಲ್‌ವರೆಗೆ ಸುಮಾರು 25 ಮೈಲಿ ಉದ್ದದ ಈ ಮಾರ್ಗ ಶುರುವಾದದ್ದು 1871ರಲ್ಲಿ. ಲೋವೆಲ್ ಬಟ್ಟೆ ಗಿರಣಿಗಳ ಊರು. ಕಟ್ಟಿದ ಸಣ್ಣ ಕಂಪನಿಯನ್ನು ದೊಡ್ಡದು ನುಂಗಿ, ಅದನ್ನು ಇನ್ನೂ ದೊಡ್ಡದು ನುಂಗಿ, ನ್ಯೂ ಹೇವನ್ ರೈಲ್ವೆಯ ಕೈಗೆ ಬಂತು. 1969ರಲ್ಲಿ ಅದನ್ನೂ ಸೇರಿಸಿಕೊಂಡ ಪೆನ್ ಸೆಂಟ್ರಲ್ ಎಂಬ ರೈಲು ಕಂಪನಿ ಮರುವರ್ಷವೇ ದಿವಾಳಿಯಾಯಿತು. ಹೆದ್ದಾರಿ ಬಂದ ಮೇಲೆ ಇಂಥ ಕವಲು ಮಾರ್ಗಗಳಲ್ಲಿ ಜನರೂ ಇಲ್ಲ, ಸರಕೂ ಇಲ್ಲ. ಮಾರ್ಗದ ಬಹುಪಾಲನ್ನು ರಾಜ್ಯ ಸರ್ಕಾರ ಕೊಂಡು ಸುಮ್ಮನೆ ಇಟ್ಟುಕೊಂಡಿತು. 1980ರ ದಶಕದಲ್ಲಿ ಇದೇ ಮಾರ್ಗದ ಊರಾದ ಚೆಲ್ಮ್ಸ್‌ಫರ್ಡಿನ ಶಾಸಕ ಬ್ರೂಸ್ ಫ್ರೀಮನ್ ಇದನ್ನು ನಡೆಯುವವರ, ಸೈಕಲ್ಲಿನವರ ದಾರಿ ಮಾಡೋಣ ಎಂದು ಹಟ ಹಿಡಿದರು. 1986ರಲ್ಲಿ ಅವರು ತೀರಿಕೊಂಡರು. ದಾರಿಗೆ ಅವರ ಹೆಸರು ಉಳಿಯಿತು. ಲೋವೆಲ್ ಕಡೆಯ ಮೊದಲ 6.8 ಮೈಲಿ ತೆರೆದದ್ದು 2009ರಲ್ಲಿ! ಅಲ್ಲಿಂದ ಒಂದೊಂದೇ ಊರು ದಾಟುತ್ತ ಅದು ನಮ್ಮ ಕಡೆಗೆ ಇಳಿಯುತ್ತಿತ್ತು. ಭಾರತದವರ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತಿದ್ದ ನಮಗೆ ಈ ವೇಗ ಹೊಸದೇನಲ್ಲ.

ಗೂಟಕ್ಕೆ ಮೊದಲು ಒಂದು ರಿಜಿಸ್ಟರ್ಡ್ ಪತ್ರ ಬಂದಿತ್ತು. ಜಾಗಕ್ಕೆ ಹೊಂದಿಕೊಂಡಿರುವ ಮನೆಯವರಿಗೆಲ್ಲ ಕಳುಹಿಸಲೇಬೇಕಾದ ಕಾನೂನಿನ ಪತ್ರ. ಅದನ್ನು ಓದಿ ನಾನು ಮಾಡಿದ ಮೊದಲ ಕೆಲಸ, ಪಕ್ಕದ ಬೀದಿಯವರು ತಂದ ವಿರೋಧದ ಅರ್ಜಿಗೆ ಸಹಿ ಹಾಕಿದ್ದು. ಈಗ ಶನಿವಾರ ಶನಿವಾರ ಕತ್ತರಿ ಹಿಡಿದು ಅದೇ ದಾರಿಯಲ್ಲಿ ಕೊಂಬೆ ಸವರುವವಳನ್ನು ನೋಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆಮನೆ ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿ ಗುರುತಿಲ್ಲದ ಜನ ದಿನವಿಡೀ ಓಡಾಡುವುದು ನನಗೆ ಬೇಕಿರಲಿಲ್ಲ. ನಾನು ನೈಟಿ ಹಾಕಿಕೊಂಡು ಗಿಡಕ್ಕೆ ನೀರು ಹಾಕುವವಳು.

ರಾಜ್ಯದ ಸಾರಿಗೆ ಇಲಾಖೆಯವರ ಲೆಕ್ಕದಲ್ಲಿ ನಕ್ಷೆಯ ಕೆಲಸಕ್ಕೆ ಶೇಕಡಾ 25, 75, 100 ಎಂಬ ಮೆಟ್ಟಿಲುಗಳಿವೆ. ಕಾಲು ಭಾಗ ಮುಗಿದಾಗ ಸಾರ್ವಜನಿಕ ಅಹವಾಲು. ಏನಾದರೂ ಬದಲಾಯಿಸಬೇಕೆಂದರೆ ಅಲ್ಲಿಯೇ ಬಾಯಿ ಬಿಡಬೇಕು, ಮುಕ್ಕಾಲಿಗೆ ಬಂದ ಮೇಲೆ ಗೆರೆ ಗಟ್ಟಿಯಾಗಿರುತ್ತದೆ. ಹಣದ ಹಾದಿಯೂ ಹೀಗೇ ಮೆಟ್ಟಿಲು ಮೆಟ್ಟಿಲು. ನಕ್ಷೆಯ ಖರ್ಚು ಊರಿನದು, ಆಸ್ತಿ ತೆರಿಗೆಯ ಮೇಲೆ ಊರೇ ಹಾಕಿಕೊಂಡಿರುವ ಸಣ್ಣ ಹೆಚ್ಚುವರಿಯಿಂದ. ಕಟ್ಟುವ ಖರ್ಚಿನ ನೂರರಲ್ಲಿ ಎಂಬತ್ತು ಕೇಂದ್ರದ್ದು, ಇಪ್ಪತ್ತು ರಾಜ್ಯದ್ದು. ಆದರೆ ಬಾಸ್ಟನ್ ಸುತ್ತಲಿನ ಊರುಗಳ ಯೋಜನೆಗಳೆಲ್ಲ ಸಾಲು ನಿಂತಿರುವ ಒಂದು ಪಟ್ಟಿಯಲ್ಲಿ ನಮ್ಮೂರಿನ ಹೆಸರು ಯಾವ ವರ್ಷದ ಕಾಲಮ್ಮಿನಲ್ಲಿ ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಕ್ಷೆ ತಡವಾದರೆ ಕಾಲಮ್ಮು ಜಾರುತ್ತದೆ. ಜಾರಿತು ಕೂಡ, ಒಂದಲ್ಲ ಎರಡು ಸಲ.

ಅಹವಾಲಿನ ಸಂಜೆ ಸಭಾಂಗಣ ತುಂಬಿತ್ತು. ಕಳ್ಳರು ಬರುತ್ತಾರೆ ಎಂದರು ಒಬ್ಬರು. ಕಳ್ಳ ಟಿವಿ ಹೊತ್ತುಕೊಂಡು ಸೈಕಲ್ ತುಳಿಯುತ್ತಾನೆಯೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿ ನಗು ಎದ್ದಿತು. ನಾಯಿಗಳು, ಪಾರ್ಕಿಂಗು, ಮನೆಯ ಬೆಲೆ, ಉಣ್ಣೆ ಹುಳ, ಮಕ್ಕಳು ರಸ್ತೆ ದಾಟುವ ಕಡೆ ಕಾರಿನ ವೇಗ, ಎಲ್ಲವೂ ಬಂದವು. ಹತ್ತು ಅಡಿ ಡಾಂಬರು, ಎರಡೂ ಪಕ್ಕ ಎರಡೆರಡು ಅಡಿ ಮಣ್ಣಿನ ಅಂಚು ಎಂದು ಎಂಜಿನಿಯರ್ ತೆರೆಯ ಮೇಲೆ ತೋರಿಸಿದಾಗ, ಡಾಂಬರು ಯಾಕೆ, ಕಲ್ಲುಪುಡಿ ಸಾಲದೇ ಎಂದು ಅರ್ಧ ಗಂಟೆ ವಾದ. ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಗಂಡಸು ಮೈಕು ಕೇಳಿ, ಮಳೆ ಬಂದ ಮಾರನೆಯ ದಿನ ಕಲ್ಲುಪುಡಿಯ ಮೇಲೆ ತನ್ನ ಗಾಲಿ ಏನಾಗುತ್ತದೆ ಎಂದಷ್ಟೇ ಹೇಳಿ ಮೈಕು ವಾಪಸು ಕೊಟ್ಟರು. ಆಮೇಲೆ ಆ ವಾದ ಏಳಲಿಲ್ಲ. ಉಗಿಬಂಡಿ ಏರಲೆಂದು ಕಟ್ಟಿದ ದಾರಿಯಲ್ಲಿ ಕಡಿದಾದ ಏರು ಇರುವುದೇ ಇಲ್ಲ, ಗಾಲಿಕುರ್ಚಿಗೆ ಇಷ್ಟು ಹೇಳಿ ಮಾಡಿಸಿದ ಕಾಡುದಾರಿ ಬೇರೆ ಸಿಗದು ಎಂಬುದು ಆ ದಿನ ನನಗೆ ಹೊಳೆಯಿತು.

ನನ್ನ ಸರದಿ ಬಂದಾಗ ಬೇಲಿಯ ಬಗ್ಗೆ ಕೇಳಬೇಕೆಂದು ಚೀಟಿ ಬರೆದುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. ಗೂಟದಾಚೆಯ ಮಣ್ಣಿನಲ್ಲಿ ತರಕಾರಿ ಬೆಳೆದಿದ್ದೇನೆ, ತಿನ್ನಬಹುದೇ?

ಸಭೆ ನಕ್ಕಿತು. ಎಂಜಿನಿಯರ್ ನಗಲಿಲ್ಲ. ಎಷ್ಟು ವರ್ಷದಿಂದ ಎಂದು ಕೇಳಿದರು.

ಹಳಿಯ ಮೇಲೆ ಕಳೆ ಬೆಳೆಯದಿರಲೆಂದು ರೈಲ್ವೆಯವರು ಹಿಂದೆ ಆರ್ಸೆನಿಕ್ ಇರುವ ಕಳೆನಾಶಕ ಹೊಡೆಯುತ್ತಿದ್ದರು. ಹಳಿಯ ಕೆಳಗಿನ ಮರದ ಸ್ಲೀಪರುಗಳು ಕೊಳೆಯದಿರಲೆಂದು ಕ್ರಿಯೋಸೋಟ್ ಎಂಬ ಟಾರೆಣ್ಣೆಯಲ್ಲಿ ಅದ್ದುತ್ತಿದ್ದರು. ರೈಲು ಹೋದರೂ ಅವು ಹೋಗುವುದಿಲ್ಲ. ಅದಕ್ಕೇ ದಾರಿ ಕಟ್ಟುವಾಗ ಹಳೆಯ ಮಣ್ಣನ್ನು ಆದಷ್ಟು ಕದಲಿಸದೆ, ಧೂಳೆಬ್ಬಿಸದೆ, ಮೇಲೆ ಒಳ್ಳೆಯ ಜಲ್ಲಿ, ಡಾಂಬರು ಹಾಕಿ ಮುಚ್ಚಿಬಿಡುವುದು ಇಲ್ಲಿನ ಪದ್ಧತಿ. ಡಾಂಬರು ಬೇಡವೆಂದವರಿಗೆ ಇದು ಇನ್ನೊಂದು ಉತ್ತರ. ಮನೆಗೆ ಬಂದು ಎರಡು ಜಿಪ್‌ಲಾಕ್ ಚೀಲದಲ್ಲಿ ಚಪ್ಪರದ ಬುಡದ ಮಣ್ಣು ತುಂಬಿ ಪ್ರಯೋಗಾಲಯಕ್ಕೆ ಕಳಿಸಿದೆ. ಮನೆಯಂಗಳದ ಮಣ್ಣಿನಲ್ಲಿ ಆರ್ಸೆನಿಕ್ ಒಂದು ಕೆ.ಜಿ.ಗೆ 20 ಮಿಲಿಗ್ರಾಮ್ ದಾಟಬಾರದು ಎಂಬುದು ಈ ರಾಜ್ಯದ ಲೆಕ್ಕ. ನಮ್ಮದು ದಾಟಿತ್ತು. ಆರು ವರ್ಷ ಆ ಮಡಿಯ ಹರಿವೆ, ಮೆಂತ್ಯ ತಿಂದಿದ್ದೆವು. ಅವರೆಯ ವಿಷಯದಲ್ಲಿ ಮಾತ್ರ ಸಮಾಧಾನ, ತಿನ್ನುವಷ್ಟು ಬಿಟ್ಟಿರಲೇ ಇಲ್ಲ. ನಮ್ಮ ಅವರೆಗೆ ಹಗಲು ಚಿಕ್ಕದಾಗಬೇಕು. ಇಲ್ಲಿ ಹಗಲು ಚಿಕ್ಕದಾಗಿ ಹೂ ಬಿಡುವ ಹೊತ್ತಿಗೆ ಮಂಜು ಸುಟ್ಟುಬಿಡುತ್ತದೆ. ಪ್ರತಿ ವರ್ಷ ಸೊಗಡಿನ ಆಸೆಗೆ ಚಪ್ಪರ ಹಾಕುವುದು, ಪ್ರತಿ ಅಕ್ಟೋಬರಿನಲ್ಲಿ ಬೈದುಕೊಳ್ಳುವುದು.

ಮಡಿ ಎತ್ತಿ ಮನೆಯ ಮುಂಬದಿಗೆ ಸಾಗಿಸಿದೆವು, ಹಲಗೆಯ ಚೌಕಟ್ಟು ಕಟ್ಟಿ ಹೊಸ ಮಣ್ಣು ತುಂಬಿದೆವು. ನಾನು ಮಾತ್ರ ಅಲ್ಲ. ನಮ್ಮ ಸಾಲಿನಲ್ಲಿ ಒಬ್ಬರ ಉಗ್ರಾಣ, ಇನ್ನೊಬ್ಬರ ಮಕ್ಕಳ ಉಯ್ಯಾಲೆ, ಮತ್ತೊಬ್ಬರ ಸೌದೆಯ ಒಟ್ಟಲು, ಎಲ್ಲವೂ ಗೆರೆ ದಾಟಿದ್ದವು. ಹಳಿಗೆ ಬೇಕಾದದ್ದು ಹತ್ತಡಿ, ಆದರೆ ರೈಲ್ವೆಯವರು ಪಕ್ಕಕ್ಕೆಂದು ಹಿಡಿದಿಟ್ಟುಕೊಂಡ ಜಾಗ ಅದರ ಎಷ್ಟೋ ಪಟ್ಟು. ರೈಲು ನಿಂತ ಮೇಲೆ ಹಿತ್ತಲುಗಳು ಮೆಲ್ಲಗೆ ತೆವಳಿಕೊಂಡು ಅಲ್ಲಿಗೆ ಹೋಗಿದ್ದವು. ಎಷ್ಟು ವರ್ಷ ಅನುಭವಿಸಿದರೂ ಸರ್ಕಾರದ ಜಾಗ ನಮ್ಮದಾಗುವುದಿಲ್ಲ ಎಂಬ ಕಾನೂನು ಇಲ್ಲಿಯೂ ಇದೆ. ಅಂದು ಅಹವಾಲಿನಲ್ಲಿ ಖಾಸಗಿತನದ ಬಗ್ಗೆ ಎಲ್ಲರಿಗಿಂತ ಜೋರಾಗಿ ಮಾತಾಡಿದವರ ಉಗ್ರಾಣವೇ ಪೂರ್ತಿಯಾಗಿ ಆಚೆಗಿತ್ತು. ಹೇಳಬಾರದು, ಆದರೂ ಸ್ವಲ್ಪ ಖುಷಿಯಾಯಿತು.

ನಂತರ ಜೌಗಿನ ಸರದಿ. ಇಲ್ಲಿ ತೊರೆಯಿಂದ 200 ಅಡಿ, ಜೌಗಿನಿಂದ 100 ಅಡಿಯೊಳಗೆ ಏನು ಮಾಡುವುದಿದ್ದರೂ ಊರಿನ ಸಂರಕ್ಷಣಾ ಸಮಿತಿಯ ಮುಂದೆ ನಿಲ್ಲಬೇಕು. ಹಳಿಯ ಮಾರ್ಗ ಪ್ಯಾಂಟ್ರಿ ಬ್ರೂಕ್, ಹಾಪ್ ಬ್ರೂಕ್ ಎಂಬ ಎರಡು ತೊರೆ ದಾಟುತ್ತದೆ, ಉದ್ದಕ್ಕೂ ಜೌಗು. ವಸಂತದಲ್ಲಿ ತುಂಬಿ ಬೇಸಿಗೆಗೆ ಬತ್ತಿಹೋಗುವ ಹೊಂಡಗಳಿವೆ. ಮೀನಿಲ್ಲದ ಆ ಹೊಂಡಗಳೇ ಸಾಲಮಾಂಡರ್‌ಗಳ ಹೆರಿಗೆ ಮನೆ. ಸಭೆಯ ಮೇಲೆ ಸಭೆ, ಬರೀ ಹಲ್ಲಿಯಂಥ ಒಂದು ಪ್ರಾಣಿಗಾಗಿ ಇಷ್ಟೊಂದೇ ಎಂದು ನಾನೂ ಗೊಣಗಿದವಳೇ. ಪಕ್ಕದ ಮನೆಯ ಅಜ್ಜಿ, ಎಂಬತ್ತು ದಾಟಿದಾಕೆ, ತಾನು ಮದುವೆಯಾಗಿ ಬಂದಾಗ ಇಲ್ಲಿ ಗೂಡ್ಸ್ ಗಾಡಿ ಓಡುತ್ತಿತ್ತು ಎನ್ನುವಾಕೆ, ಏಪ್ರಿಲ್ಲಿನ ಮೊದಲ ಬೆಚ್ಚನೆಯ ಮಳೆಯ ರಾತ್ರಿ ಬಾಗಿಲು ತಟ್ಟಿ, ಟಾರ್ಚ್ ತಗೋ ಬಾ ಎಂದರು. ರೇನ್‌ಕೋಟು ಹಾಕಿಕೊಂಡು ಹೋದೆ. ಟಾರ್ಚಿನ ಬೆಳಕಿನಲ್ಲಿ ಹಳದಿ ಚುಕ್ಕೆಯ ಕಪ್ಪು ಸಾಲಮಾಂಡರ್‌ಗಳು ಒದ್ದೆ ಎಲೆಗಳ ಮೇಲೆ ಹೊಂಡದ ಕಡೆಗೆ ನಡೆಯುತ್ತಿದ್ದವು. ಹಳಿ ಸಿಕ್ಕಿದಾಗ ಏರಲಾಗದೆ ಅದರ ಬುಡದಲ್ಲೇ ಅಡ್ಡಕ್ಕೆ ತಿರುಗಿ, ಸ್ಲೀಪರ್ ಕೊಳೆತು ಸಂದಿಯಾದ ಕಡೆ ನುಸುಳುತ್ತಿದ್ದವು. ಇಷ್ಟು ವರ್ಷ ಹಳಿಯೇ ಅವಕ್ಕೆ ಅಡ್ಡಗೋಡೆಯಾಗಿತ್ತು, ದಾರಿಯಾದರೆ ದಾಟುವುದು ಸುಲಭ ಎಂದರು ಅಜ್ಜಿ. ಆಕೆ ಯಾವ ಪಕ್ಷ ಎಂದು ಅಲ್ಲಿಯವರೆಗೂ ನನಗೆ ತಿಳಿದಿರಲಿಲ್ಲ.

ಈ ದಾರಿಗೆ ಊರು ಮತ ಹಾಕುವ ರಾತ್ರಿ ನಾನು ಪ್ರೇಕ್ಷಕಿ. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಅಮೆರಿಕದ ಈ ಈಶಾನ್ಯ ಮೂಲೆಯ ಊರುಗಳಲ್ಲಿ ಬಜೆಟ್ಟಿಗೆ ಕೌನ್ಸಿಲ್ ಇಲ್ಲ, ಮತದಾರರೆಲ್ಲ ಹೈಸ್ಕೂಲಿನ ಸಭಾಂಗಣದಲ್ಲಿ ಸೇರಿ ಒಂದೊಂದೇ ಬಾಬತ್ತು ತೆಗೆದುಕೊಂಡು ಹೌದು-ಅಲ್ಲ ಎನ್ನುತ್ತಾರೆ. ನಮ್ಮ ಗ್ರಾಮಸಭೆಗೆ ನಿಜವಾಗಿಯೂ ಅಧಿಕಾರ ಕೊಟ್ಟರೆ ಹೇಗಿರುತ್ತದೋ ಹಾಗೆ. ಪೌರತ್ವ ಇಲ್ಲದವರು ಬೇರೆ ಕಡೆ ಕೂರಬೇಕು. ತೆರಿಗೆ ಕಟ್ಟುತ್ತೇನೆ, ನನ್ನ ಚಪ್ಪರ ಕಿತ್ತಿದ್ದೇನೆ, ಮತ ಮಾತ್ರ ಇಲ್ಲ. ಆ ಹೊತ್ತಿಗೆ ನಾನು ಅರ್ಜಿಯಿಂದ ಹೆಸರು ತೆಗೆಸಿಯೂ ಆಗಿತ್ತು. ಯಾವಾಗ ಮನಸ್ಸು ಬದಲಾಯಿತೆಂದು ಕೇಳಿದರೆ ಇಂಥ ದಿನವೆಂದು ಹೇಳಲಾರೆ. ಒಂದು ಭಾನುವಾರ ಚೆಲ್ಮ್ಸ್‌ಫರ್ಡಿನ ಕಡೆಯ ದಾರಿಗೆ ಹೋಗಿ, ಅಲ್ಲಿನ ಹಿತ್ತಲುಗಳನ್ನೇ ನೋಡುತ್ತ ನಡೆದಿದ್ದೆ. ಬೇಲಿ ಹಾಕಿಕೊಂಡವರಲ್ಲಿ ಅನೇಕರು ಅದಕ್ಕೊಂದು ಪುಟ್ಟ ಗೇಟನ್ನೂ ಇಟ್ಟುಕೊಂಡಿದ್ದರು. ಆ ಗೇಟುಗಳು ನನಗೆ ಬೇಕಾದಷ್ಟು ಹೇಳಿದವು. ಮತ ಎಣಿಸಿ ಪಾಸಾಯಿತೆಂದಾಗ ಚಪ್ಪಾಳೆ ತಟ್ಟಲು ಮಾತ್ರ ಪೌರತ್ವ ಬೇಕಿರಲಿಲ್ಲ.

ಹಳಿ ಕೀಳುವ ವರ್ಷ ಅಪ್ಪ ಬಂದಿದ್ದರು. ಅಪ್ಪ ರೈಲ್ವೆಯಲ್ಲಿ ಕೀಮನ್, ಹಳಿಯನ್ನು ಬಿಗಿಯಾಗಿ ಹಿಡಿದಿಡುವ ಕೀಗಳನ್ನು ನೋಡಿಕೊಳ್ಳುವ ಕೆಲಸ. ಬಂಗಾರಪೇಟೆ–ಕೋಲಾರ ಸಣ್ಣ ಹಳಿಯ ಕಾಲದಿಂದ, ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ ಹೊತ್ತು ದಿನವೂ ಬೀಟು, ಅಂದರೆ ತಮ್ಮ ಪಾಲಿನ ಹಳಿಯ ಉದ್ದ, ನಡೆದವರು. ಬಂದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹಿತ್ತಲಿಗೆ ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ ಹಳಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಟವಲಿನಿಂದ ತುಕ್ಕು ಉಜ್ಜುತ್ತಿದ್ದರು. ಹಳಿಯ ಸೊಂಟದಲ್ಲಿ ಉಬ್ಬಕ್ಷರ ಕಾಣುತ್ತಿತ್ತು. ಕಂಪನಿಯ ಹೆಸರು, ವರ್ಷ, ಪಕ್ಕದಲ್ಲಿ ಸಣ್ಣ ಸಣ್ಣ ಗೀಟು.

"ಗೀಟು ಎಣಿಸು," ಅಂದರು.

"ಏಳು."

"ಏಳನೇ ತಿಂಗಳು. ಜುಲೈನಲ್ಲಿ ತಯಾರಾದ ಹಳಿ. ನಮ್ಮಲ್ಲೂ ತಿಂಗಳು, ವರ್ಷ ಹಾಕೋರು." ಎರಡು ಹಳಿಗಳ ನಡುವಿನ ಅಗಲಕ್ಕೆ ಗೇಣು ಹಾಕಿ ನೋಡಿದರು. "ನಾಕಡಿ ಎಂಟೂವರೆ ಇಂಚು. ನಮ್ಮ ಸಣ್ಣದಕ್ಕಿಂತ ದೊಡ್ಡದು, ದೊಡ್ಡದಕ್ಕಿಂತ ಸಣ್ಣದು. ಕೀ ಇಲ್ಲ ನೋಡು, ಬರೀ ಮೊಳೆ. ಈ ಬೀಟಿಗೆ ಕೀಮನ್ ಏನು ಮಾಡ್ತಿದ್ದನೋ."

ಕೀಳುತ್ತಾರೆಂದು ಅಪ್ಪನಿಗೆ ನಾನು ಸರಿಯಾಗಿ ಹೇಳಿರಲಿಲ್ಲ. ಯಂತ್ರಗಳು ಬಂದ ದಿನ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಬುಲ್ಡೋಜರಿಗಿಂತ ಸ್ವಲ್ಪ ಚಿಕ್ಕದೊಂದು ಯಂತ್ರ ಹಳಿಯನ್ನು ಚಿಮುಟದಂತೆ ಹಿಡಿದು ಎತ್ತುತ್ತಿತ್ತು, ಮೊಳೆಗಳು ಕೀರಲು ದನಿಯಲ್ಲಿ ಕಿತ್ತು ಬರುತ್ತಿದ್ದವು. ಸ್ಲೀಪರುಗಳನ್ನು ಬೇರೆಯೇ ಗುಡ್ಡೆ ಹಾಕಿದರು. ವಿಷದ ಮರ ಅದು, ಯಾರೂ ಸೌದೆಗೆ ಒಯ್ಯುವಂತಿಲ್ಲ. ಬರ್ಚ್ ಮರಗಳು ಅದಕ್ಕೆ ಮೊದಲೇ ಬಿದ್ದಿದ್ದವು. ಅವು ಬಿದ್ದ ದಿನ ನನಗೆ ನಿಜವಾಗಿ ಸಂಕಟವಾಗಿತ್ತು, ಈಗಲೂ ಆ ಕಡೆ ಬಿಸಿಲು ಹೆಚ್ಚು.

"ನಮ್ಮಲ್ಲಿ ಕಿತ್ತಿದ್ದು ದೊಡ್ಡ ಹಳಿ ಹಾಕೋಕಮ್ಮ," ಅಂದರು ಅಪ್ಪ ಊಟದ ಹೊತ್ತಿಗೆ. "ಕಿತ್ತು ಏನೂ ಹಾಕದೇ ಇರೋದು ನಾನು ನೋಡಿಲ್ಲ."

ಜಾಗ ಮಾರಿಲ್ಲ, ರಾಜ್ಯದ ಹೆಸರಿನಲ್ಲೇ ಇದೆ, ಊರಿಗೆ 99 ವರ್ಷದ ಗುತ್ತಿಗೆ ಅಷ್ಟೇ ಎಂದು ವಿವರಿಸಿದೆ. 1983ರಲ್ಲಿ ಈ ದೇಶದಲ್ಲಿ ಒಂದು ಕಾನೂನು ಮಾಡಿ, ಬೇಡವಾದ ರೈಲುಮಾರ್ಗವನ್ನು ತುಂಡು ತುಂಡಾಗಿ ಕಳೆದುಕೊಳ್ಳುವ ಬದಲು ದಾರಿಯಾಗಿ ಬಳಸುತ್ತ, ಮುಂದೆ ಬೇಕಾದರೆ ಮತ್ತೆ ರೈಲು ತರಲು ಕಾಯ್ದಿಡಬಹುದು ಎಂದಿದ್ದಾರೆ, ನಮ್ಮದು ಆ ಕಾನೂನಿನ ಕೆಳಗೆ ಬಂದದ್ದಲ್ಲದಿದ್ದರೂ ಯೋಚನೆ ಅದೇ ಎಂದೆ. ಅಪ್ಪ ಸಾರನ್ನ ಕಲಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಳಿ ಹೋದ್ರೂ ಕಟ್ಟೆ ಇರ್ತದೆ ಅನ್ನು. ಕಟ್ಟೆ ಹಾಕೋದೇ ಕಷ್ಟ, ಹಳಿ ಏನು ನಾಕು ದಿನದ ಕೆಲಸ."

ಆ ಮೇಲೆ ಊರಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿದರಂತೆ.

ಕೆಲಸಗಾರನೊಬ್ಬ ಅಪ್ಪನಿಗೆ ಒಂದು ಮೊಳೆ ಕೊಟ್ಟಿದ್ದ. ಮಾತು ಒಂದೂ ಅರ್ಥವಾಗದೆ ಮೂರು ದಿನ ಇಬ್ಬರೂ ಬೇಲಿಯ ಎರಡು ಕಡೆ ನಿಂತು ಕೈಸನ್ನೆಯಲ್ಲಿ ಹರಟಿದ್ದಕ್ಕೆ ಸಿಕ್ಕ ಉಡುಗೊರೆ. ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಅದು ಕೈಚೀಲದಲ್ಲಿದ್ದು, ತಪಾಸಣೆಯವರು ಹೊರಗೆ ತೆಗೆದು ಇದೇನೆಂದರು. ಇದನ್ನು ಕೈಚೀಲದಲ್ಲಿ ಬಿಡುವುದಿಲ್ಲ ಎಂದರು. ಅಪ್ಪ ಮುಖ ಚಿಕ್ಕದು ಮಾಡಿಕೊಂಡು ನಿಂತರು. ಮತ್ತೆ ಕೌಂಟರಿಗೆ ಓಡಿ, ಚೀಲವನ್ನೇ ಲಗೇಜಿಗೆ ಹಾಕಿಸಿ, ವಿಮಾನ ತಪ್ಪುವುದೊಂದು ಬಾಕಿ. ಈಗ ಅದು ಬಂಗಾರಪೇಟೆಯ ಮನೆಯಲ್ಲಿ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡುವ ಕಬ್ಬಿಣ.

ಉಳಿದದ್ದು ಬೇಗ ಆಯಿತು ಅನ್ನಬೇಕು, ಹಿಂದಿನ ಕಾಯುವಿಕೆಗೆ ಹೋಲಿಸಿದರೆ. ಸೇತುವೆ, ಜಲ್ಲಿ, ರೋಲರ್, ಡಾಂಬರು, ರಸ್ತೆ ದಾಟುವ ಕಡೆ ಹಳದಿ ಮಿಣುಕು ದೀಪ. ಧೂಳಿಗೆ ಒಂದು ಬೇಸಿಗೆಯೆಲ್ಲ ಕಿಟಕಿ ಮುಚ್ಚಿಕೊಂಡಿದ್ದೆವು. ಬೇಲಿ ಹಾಕಿಸಿದೆವು, ಗೇಟು ಇಡಿಸಿದೆವು. ನೈಟಿಯಲ್ಲಿ ಗಿಡಕ್ಕೆ ನೀರು ಹಾಕುವುದು ಬಿಟ್ಟಿಲ್ಲ, ಮೇಲೆ ಒಂದು ಸ್ವೆಟರ್ ಹಾಕಿಕೊಳ್ಳುತ್ತೇನೆ. ಶನಿವಾರ ಬೆಳಿಗ್ಗೆ ಸ್ವಯಂಸೇವಕರ ಗುಂಪಿನಲ್ಲಿ ನನ್ನ ಪಾಲಿಗೆ ಎರಡು ಮೈಲಿ ಬಂದಿದೆ. ಬಿದ್ದ ಕೊಂಬೆ ಎಳೆದು ಹಾಕುವುದು, ಅಂಚಿಗೆ ಚಾಚಿದ ಮುಳ್ಳುಬಳ್ಳಿ ಸವರುವುದು, ಮಳೆನೀರು ಹೋಗುವ ಮೋರಿಯ ಬಾಯಿಂದ ಎಲೆ ತೆಗೆಯುವುದು, ಡಾಂಬರಿನಲ್ಲಿ ಬೇರು ಉಬ್ಬಿದ ಕಡೆ ಫೋಟೋ ತೆಗೆದು ಕಳಿಸುವುದು.

ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ತೋರಿಸುತ್ತ ನಡೆಯುತ್ತಿದ್ದೆ. ತರಬೇತಿ ಚಕ್ರದ ಸೈಕಲ್ಲಿನ ಹುಡುಗಿಯೊಬ್ಬಳು ಗಂಟೆ ಬಾರಿಸಿಕೊಂಡು ಪಕ್ಕದಲ್ಲಿ ಹಾದುಹೋದಳು. ಅಪ್ಪನ ಕಣ್ಣು ಅವಳ ಮೇಲಿರಲಿಲ್ಲ, ಕ್ಯಾಮೆರಾ ಇಳಿಸು, ಅಂಚು ತೋರಿಸು ಎನ್ನುತ್ತಿದ್ದರು.

"ಯಾರಮ್ಮ ಇದಕ್ಕೆ ಕೀಮನ್ನು?"

"ಶನಿವಾರ ನಾನೇ."

"ಬೀಟು ಎಷ್ಟು?"

"ಎರಡು ಮೈಲಿ. ಹೋಗಿ ಬರೋಕೆ ನಾಲ್ಕು."

"ಹೋಗೋವಾಗ ಒಂದು ಪಕ್ಕ ನೋಡು," ಅಂದರು. "ಬರೋವಾಗ ಇನ್ನೊಂದು ಪಕ್ಕ. ಎರಡೂ ಒಂದೇ ಸಲ ನೋಡ್ತೀನಿ ಅಂದ್ರೆ ಎರಡೂ ಕಾಣಲ್ಲ."